ಶುಕ್ರವಾರ ಮಾತ್ರ ಕೆಡದ ರೂಟರ್

ಆ ಮನೆಯ ಯಜಮಾನರು ನನ್ನನ್ನು ಕಳ್ಳ ಅಂದಿದ್ದು ಐದನೇ ಭೇಟಿಯಲ್ಲಿ. ಅದಕ್ಕೆ ಮುಂಚಿನ ನಾಲ್ಕು ಭೇಟಿಗಳಲ್ಲಿ ದಡ್ಡ, ಸೋಮಾರಿ, ಕೆಲಸ ಬರದವನು ಎಂಬಲ್ಲಿಗೇ ನಿಂತಿತ್ತು.

ನಾನು ನೆಲಮಂಗಲದ ಸುತ್ತಮುತ್ತಲ ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ಲೈನ್ ಕೆಲಸ ಮಾಡುತ್ತೇನೆ. ಕಂಬ ಹತ್ತುವುದು, ಕೂದಲೆಳೆಯಂಥ ಗಾಜಿನ ವೈರು ಬೆಸೆಯುವುದು, ಮನೆಯೊಳಗೆ ರೂಟರ್ ಕೂರಿಸುವುದು, ಕೆಟ್ಟಾಗ ಹೋಗಿ ಬೈಸಿಕೊಳ್ಳುವುದು. ಜನ ರೂಟರನ್ನು ಬೀರುವಿನೊಳಗಿಟ್ಟು ಬೀಗ ಹಾಕುತ್ತಾರೆ, ಧೂಳು ಕೂರಬಾರದೆಂದು ಟವೆಲ್ ಹೊದಿಸುತ್ತಾರೆ, ಆಮೇಲೆ ರೂಮಿಗೆ ನೆಟ್ ಬರುವುದಿಲ್ಲವೆಂದು ನನ್ನ ಮೇಲೆ ಹರಿಹಾಯುತ್ತಾರೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ಕೆಲಸಕ್ಕೆ ಅದು ಒಳ್ಳೆಯದಲ್ಲ ಅಂತ ನಮ್ಮ ಸೂಪರ್‌ವೈಸರ್ ವಾರಕ್ಕೊಮ್ಮೆ ಹೇಳುತ್ತಾರೆ.

ಆ ಮನೆ ಹೆದ್ದಾರಿಯಿಂದ ನಾಲ್ಕು ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿತ್ತು. ಮನೆ ಅನ್ನುವುದಕ್ಕಿಂತ ಅರ್ಧ ಮನೆ ಅನ್ನಬೇಕು. ಅಣ್ಣ ತಮ್ಮ ಪಾಲಾಗುವಾಗ ನಡುಮನೆಯ ಮಧ್ಯಕ್ಕೆ ಇಟ್ಟಿಗೆ ಗೋಡೆ ಎದ್ದಿತ್ತು. ಗೋಡೆಗೆ ಈ ಕಡೆ ಅಣ್ಣ ಗಾರೆ ಮಾಡಿಸಿದ್ದರು. ಆ ಕಡೆ ಇನ್ನೂ ಬರಿ ಇಟ್ಟಿಗೆ ಕಾಣುತ್ತಿತ್ತಂತೆ. ಅಣ್ಣ ತಮ್ಮಂದಿರಿಗೆ ಮಾತಿಲ್ಲ, ಕತೆಯಿಲ್ಲ. ಅಣ್ಣ, ಅಂದರೆ ನಮ್ಮ ಗಿರಾಕಿ, ಅಂಗಳದ ಮೂಲೆಗೆ ಒಂದು ಕ್ಯಾಮೆರಾ ಹಾಕಿಸಿದ್ದರು. ಅದರ ಮುಖ ಬೀದಿಗಿರಲಿಲ್ಲ, ಎರಡು ಪಾಲಿನ ನಡುವಿನ ಗಡಿಕಲ್ಲಿಗಿತ್ತು. ತಮ್ಮ ಯಾವತ್ತಾದರೂ ಆ ಕಲ್ಲನ್ನು ಒಂದು ಗೇಣು ಸರಿಸಿಯೇ ಸರಿಸುತ್ತಾನೆ ಎಂದು ಅವರಿಗೆ ಗ್ಯಾರಂಟಿ ಇತ್ತು. ಇಂಟರ್ನೆಟ್ ಹಾಕಿಸಿಕೊಂಡಿದ್ದೇ ಅದಕ್ಕೆ, ತೋಟದಲ್ಲಿ ಕೂತು ಫೋನಿನಲ್ಲಿ ಕಲ್ಲನ್ನು ನೋಡುವುದಕ್ಕೆ.

ಕ್ಯಾಮೆರಾ ಮಧ್ಯಾಹ್ನ ಎರಡರ ಮೇಲೆ ಸತ್ತು ಹೋಗುತ್ತಿತ್ತು. ಸಂಜೆ ಯಜಮಾನರು ಮನೆಗೆ ಬಂದು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಜೀವ ಬರುತ್ತಿತ್ತು. ಕಂಪ್ಲೇಂಟ್ ಬಂದಾಗೆಲ್ಲ ನಾನು ಹೋಗುತ್ತಿದ್ದುದು ಬೆಳಿಗ್ಗೆ ಹತ್ತು, ಹನ್ನೊಂದಕ್ಕೆ. ಆಗ ಎಲ್ಲ ಸರಿಯಾಗೇ ಇರುತ್ತಿತ್ತು.

ಮೊದಲ ಸಲ ಗಾಜಿನ ವೈರಿನಲ್ಲಿ ಬೆಳಕು ಎಷ್ಟು ಬರುತ್ತಿದೆಯೆಂದು ಮೀಟರಿನಲ್ಲಿ ಅಳೆದೆ. ಚೆನ್ನಾಗಿತ್ತು. ಎರಡನೇ ಸಲ ತುದಿಯ ಕನೆಕ್ಟರ್ ಕತ್ತರಿಸಿ ಹೊಸದು ಹಾಕಿದೆ. ಮೂರನೇ ಸಲ ರೂಟರನ್ನೇ ಬದಲಾಯಿಸಿದೆ. ನಾಲ್ಕನೇ ಸಲ ಅದರ ಅಡಾಪ್ಟರ್. ಪ್ರತಿ ಸಲವೂ ಯಜಮಾನರು ಕುರ್ಚಿ ಹಾಕಿಕೊಂಡು ನನ್ನ ಬೆನ್ನ ಹಿಂದೆ ಕೂತು ನೋಡುತ್ತಿದ್ದರು. ಕುಡಿಯಲು ನೀರು ಬೇಕಾ ಅಂತ ಒಮ್ಮೆಯೂ ಕೇಳಲಿಲ್ಲ. ಅವರ ಹೆಂಡತಿ ಒಳಗಿನಿಂದ ಮಜ್ಜಿಗೆ ತಂದಾಗ "ಅವ್ನೇನ್ ನೆಂಟನಾ?" ಅಂದರು. ಆಯಮ್ಮ ಲೋಟವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದರು. ನಾನು ಕುಡಿಯಲಿಲ್ಲ.

ಐದನೇ ಸಲ ಹೋದಾಗ ಅವರು ಸಿದ್ಧವಾಗಿ ಕಾದಿದ್ದರು. ಕೈಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಹಾಳೆ. ಕ್ಯಾಮೆರಾ ಸತ್ತ ದಿನಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದರು.

"ಇಲ್ನೋಡು. ಯಾವತ್ತು ಹೋಗಿಲ್ಲ ಹೇಳು?"

ನೋಡಿದೆ. ಗುರುತುಗಳು ಅಲ್ಲಲ್ಲಿ ಚದುರಿದ್ದವು, ಆದರೆ ಶುಕ್ರವಾರದ ಸಾಲು ಪೂರ್ತಿ ಖಾಲಿ.

"ನಿಂಗೆ ವಾರದ ರಜ ಯಾವತ್ತು?"

ನನ್ನ ರಜ ಶುಕ್ರವಾರ.

"ಗೊತ್ತಾಯ್ತಲ್ಲ? ನೀನು ಡ್ಯೂಟಿಲಿದ್ರೆ ನನ್ ಕ್ಯಾಮೆರಾ ಸಾಯುತ್ತೆ, ನೀನು ರಜ ಇದ್ರೆ ಬದುಕುತ್ತೆ. ಎಷ್ಟ್ ಕೊಟ್ಟ ಲೇ ನನ್ ತಮ್ಮ ನಿಂಗೆ? ಕಳ್ಳ ನನ್ಮಗನೇ!"

ಮೈ ಉರಿದು ಹೋಯಿತು. ಅವರ ತಮ್ಮನ ಮುಖವನ್ನೂ ನಾನು ನೋಡಿರಲಿಲ್ಲ. "ಯಜಮಾನ್ರೇ, ಬಾಯಿಗೆ ಬಂದಂಗೆ ಮಾತಾಡ್ಬೇಡಿ" ಅಂದೆ. ಅವರು ಎದ್ದರು, ನಾನೂ ಎದ್ದೆ. ನಡುವೆ ಅವರ ಹೆಂಡತಿ ಬಂದು ನಿಲ್ಲದಿದ್ದರೆ ಏನಾಗುತ್ತಿತ್ತೋ. ಯಜಮಾನರು ಅಲ್ಲೇ ನಮ್ಮ ಆಫೀಸಿಗೆ ಫೋನ್ ಮಾಡಿದರು. ಆ ಬೀದಿಯ ಅಷ್ಟೂ ಮನೆಗೆ ಲೈನು ಹಂಚುವ ನಮ್ಮ ಪೆಟ್ಟಿಗೆ ಇದ್ದದ್ದು ಅವರ ಕಾಂಪೌಂಡ್ ಗೋಡೆಯ ಮೇಲೆ. ಇನ್ನೊಂದು ಸಲ ಕ್ಯಾಮೆರಾ ನಿಂತರೆ ಅದನ್ನು ಪಿಕಾಸಿಯಲ್ಲಿ ಕೀಳುತ್ತೇನೆ ಅಂದರು.

ಸಂಜೆ ಸೂಪರ್‌ವೈಸರ್ ಕೂಗಾಡಲಿಲ್ಲ, ಅದೇ ಭಯ ಹುಟ್ಟಿಸಿತು. "ಸೋಮವಾರದ ಒಳಗೆ ಸರಿ ಮಾಡು ಗುರು. ಇಲ್ಲಾಂದ್ರೆ ಬ್ಯಾಗು, ಐಡಿ ಕಾರ್ಡು ತಂದು ಟೇಬಲ್ ಮೇಲಿಡು" ಎಂದರು. ನಾನು ನಿಜವಾಗಿ ದುಡ್ಡು ತಿಂದಿದ್ದೇನೋ ಇಲ್ಲವೋ ಎಂದು ಅವರು ಕೇಳಲೂ ಇಲ್ಲ. ಹಾಗೆ ಕೇಳದಿದ್ದುದು ಬೈಗುಳಕ್ಕಿಂತ ಜಾಸ್ತಿ ನೋಯಿಸಿತು.

ಆ ರಾತ್ರಿ ಊಟ ಸೇರಲಿಲ್ಲ. ಕೆಲಸ ಹೋದರೆ ಬೇರೆ ಸಿಕ್ಕೀತು, ದಾಬಸ್‌ಪೇಟೆಯ ಗೋಡೌನುಗಳಲ್ಲಿ ಪೆಟ್ಟಿಗೆ ಹೊರುವವರು ಯಾವಾಗಲೂ ಬೇಕು. ಆದರೆ ಕಳ್ಳ ಅನ್ನಿಸಿಕೊಂಡು ಹೋಗುವುದು ಬೇರೆ. ಆಮೇಲೆ ಯಾವ ಮನೆಯ ಬಾಗಿಲು ನನಗೆ ತೆರೆಯುತ್ತದೆ?

ನಾನು ಒಂದು ತೀರ್ಮಾನಕ್ಕೆ ಬಂದೆ. ಇಷ್ಟು ದಿನ ಕಾಯಿಲೆ ಇಲ್ಲದ ಹೊತ್ತಿನಲ್ಲಿ ಹೋಗಿ ನಾಡಿ ಹಿಡಿದಿದ್ದೆ. ಶನಿವಾರ ಮಧ್ಯಾಹ್ನ, ಫೋನ್ ಮಾಡದೆ, ಯಾರಿಗೂ ಹೇಳದೆ ಹೋಗಬೇಕು.

ಎರಡಕ್ಕೆ ಹತ್ತು ನಿಮಿಷವಿರುವಾಗ ಹಳ್ಳಿಯ ಹಾಲಿನ ಡೇರಿಯ ನೆರಳಿನಲ್ಲಿ ಬೈಕ್ ನಿಲ್ಲಿಸಿದೆ. ಯಜಮಾನರು ಮೊಪೆಡ್ ಮೇಲೆ ತೋಟದ ಕಡೆ ಹೋಗುವುದು ಕಂಡಿತು. ಎರಡೂವರೆಗೆ ಆ ಕಡೆ ದಿನವೂ ಕರೆಂಟು ಒಮ್ಮೆ ಹೋಗಿ ಬರುತ್ತದೆ. ಬಂದ ಕೂಡಲೇ ಬಾಗಿಲು ತಟ್ಟಿದೆ.

ಬಾಗಿಲು ತೆಗೆದ ಆಯಮ್ಮನ ಮುಖ ಬಿಳಿಚಿಕೊಂಡಿತು. "ಈಗ್ಯಾಕಪ್ಪ ಬಂದೆ? ಅವ್ರಿಲ್ಲ. ಬೆಳಿಗ್ಗೆ ಬಾ."

"ಐದ್ ನಿಮಿಷ ಅಮ್ಮ. ನನ್ ಕೆಲಸ ಹೋಗುತ್ತೆ."

ಅವರು ಅಡ್ಡ ನಿಂತರು. ನಾನೂ ಜಗ್ಗಲಿಲ್ಲ. ಕೊನೆಗೆ ಅವರೇ ಪಕ್ಕಕ್ಕೆ ಸರಿದರು, ಸೆರಗನ್ನು ಕೈಯಲ್ಲಿ ಹಿಂಡುತ್ತ.

ನನ್ನ ಫೋನನ್ನು ಅವರ ವೈಫೈಗೆ ಸೇರಿಸಿದೆ. ಸೇರಿತು, ಆದರೆ ಒಂದು ಪುಟವೂ ತೆರೆಯಲಿಲ್ಲ. ಕೊನೆಗೂ ಕಾಯಿಲೆ ಕೈಗೆ ಸಿಕ್ಕಿತ್ತು. ರೂಟರ್ ಕೊಟ್ಟ ನಂಬರ್ ಏನೆಂದು ನೋಡಿದೆ, ಅಲ್ಲಿ ನನಗೆ ತಲೆ ಗಿರ್ರೆಂದಿತು.

ಇಲ್ಲಿ ರೂಟರ್ ಏನು ಮಾಡುತ್ತದೆಂದು ಸ್ವಲ್ಪ ಹೇಳಬೇಕು. ಹೊರಗಿನ ಪ್ರಪಂಚಕ್ಕೆ ಒಂದು ಮನೆಗೆ ಒಂದೇ ವಿಳಾಸ. ಒಳಗಿರುವ ಫೋನು, ಟಿವಿ, ಕ್ಯಾಮೆರಾ ಯಾವುದೂ ಹೊರಗಿನವರಿಗೆ ಗೊತ್ತಿಲ್ಲ. ರೂಟರ್ ಬಾಗಿಲಲ್ಲಿ ಕೂತು ಒಳಗಿನ ಪ್ರತಿಯೊಂದಕ್ಕೂ ಒಂದೊಂದು ನಂಬರ್ ಕೊಡುತ್ತದೆ. ಜೊತೆಗೆ "ಹೊರಗೆ ಹೋಗಬೇಕಾದರೆ ನನ್ನ ಬಾಗಿಲಿನಿಂದ ಹೋಗು" ಅಂತಲೂ ಹೇಳುತ್ತದೆ. ಫೋನು ಏನಾದರೂ ಕೇಳಿದರೆ ಯಾರು ಕೇಳಿದರೆಂದು ಗುರುತು ಹಾಕಿಕೊಂಡು, ತನ್ನ ಹೆಸರಿನಲ್ಲಿ ಹೊರಗೆ ಕಳಿಸಿ, ಉತ್ತರ ಬಂದಾಗ ಕೇಳಿದವರಿಗೇ ಒಪ್ಪಿಸುತ್ತದೆ. ಇಷ್ಟೇ ಅದರ ಸಂಸಾರ. ಒಂದು ಮನೆಗೆ ನಂಬರ್ ಕೊಡುವ ಯಜಮಾನ ಒಬ್ಬನೇ ಇರಬೇಕು.

ಈ ನಂಬರನ್ನು ಚುಕ್ಕಿ ಇಟ್ಟು ನಾಲ್ಕು ಭಾಗವಾಗಿ ಬರೆಯುತ್ತಾರೆ, ನಮ್ಮ ಕಂಪನಿಯ ರೂಟರ್ ಕೊಡುವುದರಲ್ಲಿ ಮೂರನೇ ಭಾಗ ಯಾವಾಗಲೂ ಒಂದು. ನನ್ನ ಫೋನಿನಲ್ಲಿ ಅಲ್ಲಿ ಸೊನ್ನೆ ಇತ್ತು. ಅಂದರೆ ಈ ನಂಬರ್ ಕೊಟ್ಟಿದ್ದು ನಮ್ಮ ರೂಟರ್ ಅಲ್ಲ. ಮನೆಯಲ್ಲಿ ಇನ್ನೊಬ್ಬ ಯಜಮಾನ ಇದ್ದ.

ಕರೆಂಟು ಹೋಗಿ ಬಂದಾಗ ಎಲ್ಲ ಉಪಕರಣಗಳೂ ಹೊಸದಾಗಿ ನಂಬರ್ ಕೇಳುತ್ತವೆ. ಯಾರು ಮೊದಲು ಉತ್ತರ ಕೊಟ್ಟರೋ ಅವರ ಮಾತು ಕೇಳುತ್ತವೆ. ಕೆಲವು ದಿನ ನಮ್ಮ ರೂಟರ್ ಮೊದಲು, ಕೆಲವು ದಿನ ಆ ಇನ್ನೊಂದು. ಆ ಇನ್ನೊಂದು ಕೂಡ "ನನ್ನ ಬಾಗಿಲಿನಿಂದ ಹೋಗು" ಅನ್ನುತ್ತದೆ. ಆದರೆ ಆ ಬಾಗಿಲ ಹಿಂದೆ ಬೀದಿಯೇ ಇಲ್ಲ. ಕ್ಯಾಮೆರಾ ಅಲ್ಲಿಗೆ ಹೋಗಿ ಗೋಡೆಗೆ ಹಣೆ ಕುಟ್ಟಿಕೊಂಡು ಕೂರುತ್ತಿತ್ತು.

ರೂಟರಿನ ಹಿಂದೆ ಬಗ್ಗಿ ನೋಡಿದೆ. ಬೆಳಿಗ್ಗೆ ಬಂದಾಗೆಲ್ಲ ಖಾಲಿಯಿರುತ್ತಿದ್ದ ತೂತಿನಲ್ಲಿ ಒಂದು ಬೂದು ಬಣ್ಣದ ವೈರು. ಅದು ಗೋಡೆಗೆ ನೇತು ಹಾಕಿದ್ದ ದೇವರ ಕ್ಯಾಲೆಂಡರಿನ ಹಿಂದೆ ಹೋಗಿತ್ತು. ಕ್ಯಾಲೆಂಡರ್ ಎತ್ತಿದೆ. ಗೋಡೆ ಕಟ್ಟುವವರು ಮೇಲೆ ನಿಲ್ಲಲು ಹಾಕಿದ್ದ ಸಾರುವೆಯ ಗಳ ಸಿಕ್ಕಿಸಿದ್ದ ತೂತು, ಮುಷ್ಟಿಯಷ್ಟಗಲ. ಗಾರೆ ಮಾಡಿದವನು ಮುಚ್ಚದೆ ಬಿಟ್ಟಿದ್ದ. ಆ ತೂತಿನೊಳಗಿಂದ ಒಂದು ಹೆಣ್ಣು ದನಿ ಬಂತು.

"ಅಕ್ಕಾ, ಮತ್ತೆ ಹೋಯ್ತು. ಒಂದ್ಸಲ ತೆಗ್ದು ಹಾಕು."

ನಾನು ಆಯಮ್ಮನ ಕಡೆ ತಿರುಗಿದೆ. ಅವರು ಕೆಳಗೆ ಕೂತೇಬಿಟ್ಟರು.

ಗೋಡೆಯ ಆ ಕಡೆ ಇದ್ದದ್ದು ತಮ್ಮನ ಹೆಂಡತಿ. ಮನೆಯಿಂದಲೇ ಕಂಪ್ಯೂಟರಿನಲ್ಲಿ ಯಾವುದೋ ಕಂಪನಿಯ ಗಿರಾಕಿಗಳಿಗೆ ಉತ್ತರ ಬರೆಯುವ ಕೆಲಸ, ಎರಡರಿಂದ ಆರು. ಆ ಮೂಲೆಗೆ ಫೋನಿನ ಸಿಗ್ನಲ್ ಸಿಗುವುದಿಲ್ಲ. ಹೊಸ ಲೈನು ಕೇಳಿದರೆ ಅವಳ ಗಂಡ ಅಣ್ಣನ ಕಾಂಪೌಂಡಿನ ಪೆಟ್ಟಿಗೆಯಿಂದ ಬರುವ ವೈರು ನಮ್ಮನೆಗೆ ಬೇಡ ಅಂದುಬಿಟ್ಟಿದ್ದ. ಅವನು ಫ್ಯಾಕ್ಟರಿಯ ಮಧ್ಯಾಹ್ನದ ಶಿಫ್ಟಿಗೆ ಹೋದ ಮೇಲೆ ಓರಗಿತ್ತಿಯರಿಬ್ಬರೂ ಸೇರಿ ಈ ದಾರಿ ಕಂಡುಕೊಂಡಿದ್ದರು. ಅವಳು ಯಾರಿಂದಲೋ ಹಳೆಯ ರೂಟರ್ ತಂದಿದ್ದಳು. ಅದರ ಸರಿಯಾದ ತೂತಿಗೆ ವೈರು ಹಾಕಿದಾಗ ನೆಟ್ ಬರದೆ, ಬೇರೆ ತೂತಿಗೆ ಹಾಕಿದಾಗ ಬಂದಿತ್ತು. ಬಂತಲ್ಲ ಅಂತ ಬಿಟ್ಟಿದ್ದಳು. ಅವಳಿಗೂ ಅದು ಒಮ್ಮೆ ಬರುತ್ತಿತ್ತು, ಒಮ್ಮೆ ಕೈ ಕೊಡುತ್ತಿತ್ತು.

"ಸರಿ ಅಮ್ಮ, ಶುಕ್ರವಾರ?" ಅಂದೆ. ನನಗೆ ಅದೇ ದೊಡ್ಡದಾಗಿತ್ತು. "ಶುಕ್ರವಾರ ಯಾಕೆ ಕೆಡಲ್ಲ?"

ಆಯಮ್ಮ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. "ಶುಕ್ರವಾರ ಯಾರಾದ್ರೂ ಮನೆಯಿಂದ ಆಚೆ ಕೊಡ್ತಾರೇನಪ್ಪ? ಹೆಪ್ಪು ಕೊಡಲ್ಲ, ಉಪ್ಪು ಕೊಡಲ್ಲ. ಇದನ್ನ ಹೆಂಗ್ ಕೊಡ್ಲಿ? ದಿನಾನೂ ಅಷ್ಟೆ, ದೀಪ ಹಚ್ಚೋ ಹೊತ್ಗೆ ಕಿತ್ತಿಟ್ಬಿಡ್ತೀನಿ."

ನಾನು ನಗಬೇಕಾಗಿತ್ತು. ನಗು ಬರಲಿಲ್ಲ. ಈ ಹೆಂಗಸು ಹೆಪ್ಪು ಕೊಟ್ಟ ಹಾಗೆ ಇಂಟರ್ನೆಟ್ ಕೊಟ್ಟಿದ್ದರು, ಶುಕ್ರವಾರ ಮಾತ್ರ ಕೈ ಬಿಗಿ ಹಿಡಿದಿದ್ದರು. ಅದರಿಂದ ನಾನು ಕಳ್ಳನಾಗಿದ್ದೆ. ಐದು ಸಲ ಬೆನ್ನು ಬಗ್ಗಿಸಿ ಬೈಸಿಕೊಂಡಾಗಲೂ ಇವರಿಗೆ ಕಾರಣ ಗೊತ್ತಿತ್ತೇ?

"ಗೊತ್ತಿದ್ದೂ ಸುಮ್ನಿದ್ರಾ? ನನ್ನ ಕಳ್ಳ ಅಂದಾಗ ಇಲ್ಲೇ ನಿಂತಿದ್ರಲ್ಲ!" ನನ್ನ ದನಿ ಏರಿತು.

"ದೇವ್ರಾಣೆ ಗೊತ್ತಿಲ್ಲ ಕಣಪ್ಪ. ಒಂಚೂರು ಕೊಟ್ರೆ ನಮ್ದು ಯಾಕೆ ಕೆಡುತ್ತೆ ಅನ್ಕಂಡೆ. ಹೆಪ್ಪು ಕೊಟ್ರೆ ನಮ್ಮನೆ ಮೊಸರು ಕಮ್ಮಿ ಆಗುತ್ತಾ?"

ತೂತಿನಿಂದ ದನಿ ಬಂತು. "ಅಣ್ಣ, ಬೈಬೇಡಿ ಅಕ್ಕಂಗೆ. ತಪ್ಪು ನಂದು. ಆದ್ರೆ ಭಾವಂಗೆ ಹೇಳ್ಬೇಡಿ. ಈ ತೂತು ಮುಚ್ಚಿದ್ರೆ ನನ್ ಕೆಲ್ಸ ಹೋಯ್ತು. ಬೇರೆ ಕಡೆ ಸೇರ್ಕೊಳಕ್ಕೆ ನಮ್ಮನೆಯವ್ರು ಬಿಡಲ್ಲ."

ನನ್ನ ಕೆಲಸವೂ ಇದೇ ತೂತಿನಲ್ಲಿ ಸಿಕ್ಕಿಕೊಂಡಿದೆ ಅಂತ ಕೂಗಬೇಕೆನಿಸಿತು. ವೈರಿನ ಒಂದು ಫೋಟೋ ತೆಗೆದು ಸೂಪರ್‌ವೈಸರ್‌ಗೆ ಕಳಿಸಿದ್ದರೆ ಸಾಕಿತ್ತು, ನಾನು ಸ್ವಚ್ಛ. ಫೋನು ಕೈಯಲ್ಲೇ ಇತ್ತು, ಕ್ಯಾಮೆರಾ ತೆರೆದೂ ಆಗಿತ್ತು. ಆಗ ಯಜಮಾನರ ಮುಖ ನೆನಪಾಯಿತು. ಈ ಫೋಟೋ ಕಂಡರೆ ಆ ಮನುಷ್ಯ ನನ್ನ ಕ್ಷಮೆ ಕೇಳುವುದಿಲ್ಲ. ಗೋಡೆಯ ಎರಡೂ ಕಡೆ ಕೇಳುವಂತೆ ಕೂಗಾಡುತ್ತಾರೆ, ಹೆಂಡತಿಯನ್ನು ಬೀದಿಗೆ ಎಳೆಯುತ್ತಾರೆ, ಸಿಮೆಂಟ್ ಕಲಸಿ ತೂತು ಮುಚ್ಚುತ್ತಾರೆ. ಅವರಿಗೆ ಹೊಸ ಜಗಳಕ್ಕೆ ಒಂದು ಸರಕು ಬೇಕಿತ್ತು, ಅದನ್ನು ನಾನು ಕೈಯಾರೆ ಒಪ್ಪಿಸಿದ ಹಾಗಾಗುತ್ತಿತ್ತು. ಆ ಹೆಂಗಸರ ಮೇಲಿನ ಕನಿಕರ ಎಷ್ಟು, ಆ ಮನುಷ್ಯನ ಮೇಲಿನ ಹಠ ಎಷ್ಟು ಎಂದು ಕೇಳಿದರೆ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಹಠವೇ ಒಂದು ತೂಕ ಹೆಚ್ಚಿದ್ದಿರಬೇಕು.

ಫೋನನ್ನು ಕೆಳಗಿಳಿಸಿದೆ. "ನಿಮ್ ರೂಟರ್ ತಿರುಗಿಸಿ, ತಳದಲ್ಲಿ ಒಂದು ಚೀಟಿ ಅಂಟಿಸಿರುತ್ತೆ. ಅದ್ರಲ್ಲಿರೋ ಪಾಸ್‌ವರ್ಡ್ ಓದಿ" ಎಂದು ತೂತಿನೊಳಗೆ ಹೇಳಿದೆ.

ನನಗೆ ನಂಬರ್ ಕೊಟ್ಟಿದ್ದು ಅವಳ ರೂಟರೇ ಆದ್ದರಿಂದ ಅದರ ಒಳಗಿನ ಪುಟ ನನ್ನ ಫೋನಿನಲ್ಲೇ ತೆರೆಯಿತು. ಅವಳು ಒಂದೊಂದೇ ಅಕ್ಷರ ಓದಿದಳು. ಚೀಟಿ ಮಾಸಿತ್ತು, ಎಂಟೋ ಬಿಯೋ ಗೊತ್ತಾಗುತ್ತಿರಲಿಲ್ಲ. ಮೂರು ಸಲ ತಪ್ಪಾಯಿತು. ಆಯಮ್ಮ ಬಾಗಿಲಲ್ಲಿ ನಿಂತು ದಾರಿ ಕಾಯುತ್ತ, "ಬೇಗ ಬೇಗ" ಎಂದು ನನ್ನನ್ನೇ ಗದರುತ್ತಿದ್ದರು. ನಾಲ್ಕನೇ ಸಲ ಪುಟ ತೆರೆಯಿತು. ನಂಬರ್ ಹಂಚುವ ಕೆಲಸವನ್ನು ಅದರಲ್ಲಿ ಬಂದ್ ಮಾಡಿದೆ. ಇನ್ನು ಅದು ಯಜಮಾನನಲ್ಲ, ಬಂದದ್ದನ್ನು ಆಚೆಗೆ ದಾಟಿಸುವ ಬರಿ ಕವಲು. ನಂಬರ್ ಕೊಡುವುದೆಲ್ಲ ನಮ್ಮ ರೂಟರೇ. ಕ್ಯಾಮೆರಾಕ್ಕೆ ಯಾವತ್ತೂ ಬದಲಾಗದ ಒಂದು ನಂಬರನ್ನೇ ಬರೆದಿಟ್ಟೆ. ಎಲ್ಲವನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ನನ್ನ ಫೋನಿನಲ್ಲಿ ಸೊನ್ನೆ ಹೋಗಿ ಒಂದು ಬಂತು.

"ಬಂತು ಅಣ್ಣ!" ಎಂದಿತು ಗೋಡೆ.

ಆಯಮ್ಮ ವೈರನ್ನು ಕಿತ್ತು ತೂತಿಗೆ ತುರುಕಿ ಕ್ಯಾಲೆಂಡರ್ ಸರಿ ಮಾಡುವುದಕ್ಕೂ ಹೊರಗೆ ಮೊಪೆಡ್ ನಿಲ್ಲುವುದಕ್ಕೂ ಸರಿಹೋಯಿತು. ಕ್ಯಾಮೆರಾ ಆಫ್ ಆಗಿದ್ದನ್ನು ಯಜಮಾನರು ತೋಟದಲ್ಲೇ ನೋಡಿಕೊಂಡು ಓಡಿ ಬಂದಿದ್ದರು. ನಾನು ನಡುಮನೆಯಲ್ಲಿ, ಕೈಯಲ್ಲಿ ಸ್ಕ್ರೂಡ್ರೈವರ್. ಬಂದವರೇ ನನ್ನ ಕೊರಳಪಟ್ಟಿಗೆ ಕೈ ಹಾಕಿದರು.

"ಸಿಕ್ಬಿದ್ದೆಯಲ್ಲೋ! ನಾನಿಲ್ದಾಗ ನನ್ ಮನೆಗೆ ನುಗ್ಗಿ ಕ್ಯಾಮೆರಾ ಆಫ್ ಮಾಡ್ತೀಯ?"

ನಾನು ಹಲ್ಲು ಕಚ್ಚಿ ಹಿಡಿದೆ. ಆಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ನಮ್ ರೂಟರ್ ಸೆಟ್ಟಿಂಗಲ್ಲಿ ತಪ್ಪಿತ್ತು ಯಜಮಾನ್ರೇ. ಮೊದಲ ದಿನ ನಾನೇ ತಪ್ಪಾಗಿ ಹಾಕಿದ್ದೆ. ಈಗ ಸರಿ ಮಾಡಿದ್ದೀನಿ. ಇನ್ಮೇಲೆ ಕೆಡಲ್ಲ."

"ಹಂಗಾದ್ರೆ ಒಪ್ಕೋ, ನಿನ್ನ ತಪ್ಪು."

"ನನ್ನ ತಪ್ಪು."

ಆ ಎರಡು ಮಾತನ್ನು ಆಡುವುದು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಅವರು ಫೋನಿನ ಸ್ಪೀಕರ್ ಹಾಕಿ, ಸೂಪರ್‌ವೈಸರ್‌ಗೆ ಕೇಳುವಂತೆ ಇನ್ನೊಂದು ಸಲ ಹೇಳಿಸಿದರು. ಅವಸರದಲ್ಲಿ ಹೊರಡುವಾಗ ನನ್ನ ವೈರ್ ಕ್ಲಿಪ್ಪಿನ ಪೊಟ್ಟಣ ಅಲ್ಲೇ ಬಿದ್ದುಹೋಯಿತು. "ನಿನ್ ಕಸ ಬಿಟ್ಟೋಗ್ಬೇಡ" ಎಂದು ಅವರು ಹಿಂದಿನಿಂದ ಕೂಗಿದರು. ನಾನು ತಿರುಗಿ ನೋಡಲಿಲ್ಲ.

ಕ್ಯಾಮೆರಾ ಆಮೇಲೆ ಕೆಡಲಿಲ್ಲ. ನನ್ನ ಕೆಲಸ ಉಳಿಯಿತು, ಆದರೆ ಆ ಹಳ್ಳಿಗಳ ಲೈನು ನನ್ನ ಕೈಯಲ್ಲಿ ಉಳಿಯಲಿಲ್ಲ. ಸ್ವಂತ ತಪ್ಪಿಗೆ ಐದು ಸಲ ಓಡಾಡಿದವನು ಎಂದು ಒಂದು ಎಚ್ಚರಿಕೆ ಪತ್ರ ಕೊಟ್ಟು ನನ್ನನ್ನು ದಾಬಸ್‌ಪೇಟೆಗೆ ಹಾಕಿದರು. ಅಲ್ಲಿ ಲಾರಿಗಳು ದಿನ ಬಿಟ್ಟು ದಿನ ನಮ್ಮ ವೈರು ಹರಿಯುತ್ತವೆ. ಧೂಳು ತಿನ್ನುತ್ತ ಕಂಬದ ಮೇಲೆ ಕೂತಾಗೆಲ್ಲ ಆ ಯಜಮಾನರನ್ನು ಮನಸಾರೆ ಬೈದುಕೊಳ್ಳುತ್ತಿದ್ದೆ.

ಐದಾರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸೂಪರ್‌ವೈಸರ್ ಫೋನ್ ಮಾಡಿದರು. ಸಿಡಿಲಿಗೆ ಆ ಮನೆಯ ರೂಟರ್ ಸುಟ್ಟಿದೆ. ಹೊಸ ಹುಡುಗನನ್ನು ಯಜಮಾನರು ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದ್ದಾರೆ. "ಆ ಕಳ್ಳನ್ನೇ ಕಳಿಸಿ ಅಂತಾರೆ ಗುರು" ಎಂದರು. ಇನ್ನೇನು ಕಾದಿದೆಯೋ ಎಂದು ಬೈದುಕೊಂಡೇ ಹೋದೆ.

ಯಜಮಾನರು ಕುರ್ಚಿ ಹಾಕಿಕೊಂಡು ಕೂತಿದ್ದರು. ಕ್ಯಾಮೆರಾ ಇನ್ನೂ ಗಡಿಕಲ್ಲನ್ನೇ ದಿಟ್ಟಿಸುತ್ತಿತ್ತು. ನಾನು ಸುಟ್ಟ ರೂಟರ್ ಬಿಚ್ಚಲು ಬಗ್ಗಿದೆ. ಕೈ ಅಲ್ಲೇ ನಿಂತಿತು.

ಕ್ಯಾಲೆಂಡರ್ ಬೇರೆ ಮೊಳೆಗೆ ಹೋಗಿತ್ತು. ಬೂದು ವೈರು ಬಟಾಬಯಲಾಗಿ ಗೋಡೆಯ ಮೇಲೆ ನೆಟ್ಟಗೆ ಓಡಿತ್ತು, ಗೇಣಿಗೊಂದು ಕ್ಲಿಪ್ಪು. ನನ್ನ ಕ್ಲಿಪ್ಪುಗಳೇ. ತೂತಿಗೆ ಸಿಮೆಂಟ್ ಮೆತ್ತಿದ್ದರು, ವೈರಿನ ಸುತ್ತ ನಾಜೂಕಾಗಿ, ವೈರು ನಲುಗದ ಹಾಗೆ. ಸಿಮೆಂಟಿನ ಮೇಲೆ ದಪ್ಪ ಹೆಬ್ಬೆರಳಿನ ಗುರುತು ಹಾಗೇ ಒಣಗಿತ್ತು.

"ಏನ್ ನೋಡ್ತಾ ಕೂತಿದ್ದೀಯ? ಕೆಲ್ಸ ಮಾಡು" ಎಂದರು ಬೆನ್ನ ಹಿಂದಿನಿಂದ. ಹಳೆಯ ದನಿಯೇ, ಚೂರೂ ಮೆತ್ತಗಾಗಿರಲಿಲ್ಲ.

ಹೊಸ ರೂಟರ್ ಕೂರಿಸಿದೆ. ಕ್ಯಾಮೆರಾಕ್ಕೆ ಮತ್ತೆ ಅದರ ನಂಬರ್ ಬರೆದೆ. ಬೂದು ವೈರನ್ನು ಕೈಯಲ್ಲಿ ಹಿಡಿದು, ಏನು ಮಾಡಲಿ ಎಂಬಂತೆ ಅವರ ಕಡೆ ನೋಡಿದೆ. ಅವರು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಹಿತ್ತಲಿನಲ್ಲಿ ಆಯಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತಿಲ್ಲವೆಂದು ಖಾತ್ರಿ ಮಾಡಿಕೊಂಡು ಯಜಮಾನರು ದನಿ ತಗ್ಗಿಸಿದರು.

"ಶುಕ್ರವಾರ ಇವ್ಳು ಅದನ್ನ ಕಿತ್ತಿಟ್ಬಿಡ್ತಾಳೆ. ಆ ಕಡೆ ಆ ಹುಡುಗಿ ಕಂಪ್ಯೂಟರ್ ಹಿಡ್ಕೊಂಡು ಸಿಗ್ನಲ್ಗೆ ಅಂತ ಟೆರೇಸ್ ಮೇಲೆ ಬಿಸಿಲಲ್ಲಿ ಕೂತಿರುತ್ತೆ, ಕ್ಯಾಮೆರಾದಲ್ಲಿ ಕಾಣುತ್ತೆ." ಮತ್ತೆ ಗದರಿದರು. "ಕೀಳಕ್ಕೆ ಬರ್ದೇ ಇರೋ ಹಂಗೆ ಏನಾದ್ರೂ ಮಾಡಕ್ಕಾಗುತ್ತೇನ್ಲಾ, ಕಳ್ಳ?"

"ಆಗುತ್ತೆ" ಅಂದೆ. ಇಕ್ಕಳ ತೆಗೆದು, ಆ ವೈರಿನ ತುದಿಯಲ್ಲಿ, ಒತ್ತಿದರೆ ವೈರು ಬಿಟ್ಟುಕೊಡುವ ನಾಲಿಗೆಯನ್ನು ಮುರಿಯದೆ, ಹೆಂಗಸರ ಬೆರಳಿಗೆ ಸಿಗದ ಹಾಗೆ ಒಳಗಡೆ ಬಿಗಿದು ಕೂರಿಸಿದೆ. ಎದ್ದು ನೋಡಿದರೆ, ಆಗ ಖಾಲಿಯಿದ್ದ ಕಿಟಕಿಯ ಮೇಲೆ ಮಜ್ಜಿಗೆಯ ಲೋಟ ಇತ್ತು. ಆಯಮ್ಮ ಇನ್ನೂ ಹಿತ್ತಲಲ್ಲೇ ಇದ್ದರು.